ಲೀಗ್ ದೇಶದ್ದು, ಫೈನಲ್ ಮಾತ್ರ ಮೆಲ್ಬರ್ನಿನದ್ದು

ವೀಕ್ಷಕರೇ, ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್ ಅಂದ್ರೆ ನಮಗೆ ನೆನಪಾಗೋದು 2022ರಲ್ಲಿ ಪಾಕಿಸ್ತಾನದ ವಿರುದ್ಧ ಕೊಹ್ಲಿ ಆಡಿದ ಆಟ. ಚಳಿಗಾಲದಲ್ಲಿ ಅದೇ ಮೈದಾನ ಆಸ್ಟ್ರೇಲಿಯನ್ ಫುಟ್‌ಬಾಲ್‌ನ ಗುಡಿ. ನಾನು ಕೇಳ್ತಿರೋದು, ಆ ಗುಡಿಯ ಬಾಗಿಲು ಎಲ್ಲರಿಗೂ ಒಂದೇ ದೂರದಲ್ಲಿದೆಯಾ?

ಲೀಗಿನಲ್ಲಿ 18 ತಂಡ. 10 ವಿಕ್ಟೋರಿಯಾ ರಾಜ್ಯದ್ದು, ಅದರಲ್ಲಿ 9 ಮೆಲ್ಬರ್ನಿನವೇ. ಇವರಿವರೇ ಆಡುವಾಗ ಆಟಗಾರ ಮನೆಯಲ್ಲಿ ತಿಂಡಿ ತಿಂದು ಕಾರಿನಲ್ಲಿ ಹೋಗಿ ಬರ್ತಾನೆ. ಪರ್ತ್‌ನ ವೆಸ್ಟ್ ಕೋಸ್ಟ್, ಫ್ರೀಮ್ಯಾಂಟಲ್ ತಂಡಗಳು ಮಾತ್ರ ಹೆಚ್ಚುಕಡಿಮೆ ಎರಡು ವಾರಕ್ಕೊಮ್ಮೆ ವಿಮಾನ ಹತ್ತಬೇಕು. ಮೆಲ್ಬರ್ನಿಗೆ ಸುಮಾರು 2,700 ಕಿಲೋಮೀಟರ್. ಬೆಂಗಳೂರಿಂದ ದೆಹಲಿಗೆ ಹೋಗಿ, ಅಲ್ಲಿಂದ ಇನ್ನೊಂದು ಸಾವಿರ ಸೇರಿಸಿಕೊಳ್ಳಿ!

ಪರ್ತ್‌ಗೆ ಹೋದವರೂ ದಣೀತಾರಲ್ಲ ಅಂತೀರಾ? ಒಪ್ಪೋಣ. ಆದರೆ ಫೈನಲ್? 2059ರವರೆಗೂ ಮೆಲ್ಬರ್ನಿನಲ್ಲೇ ಅಂತ ಒಪ್ಪಂದವಾಗಿದೆ. 2014, 2016ರಲ್ಲಿ ಅಂಕಪಟ್ಟಿಯ ತುದಿಯಲ್ಲಿದ್ದದ್ದು ಸಿಡ್ನಿ. ಎರಡು ಸಲವೂ ಫೈನಲ್ ಆಡಿದ್ದು ಎದುರಾಳಿಯ ಊರಲ್ಲಿ, ಎರಡೂ ಸೋಲು. 2016ರಲ್ಲಿ ಗೆದ್ದ ವೆಸ್ಟರ್ನ್ ಬುಲ್‌ಡಾಗ್ಸ್ ಪಟ್ಟಿಯಲ್ಲಿ ಏಳನೆಯದು. ಮೈದಾನವೇ ಸೋಲಿಸಿತು ಅಂತ ನಾನು ಹೇಳಲ್ಲ. 2018ರಲ್ಲಿ ವೆಸ್ಟ್ ಕೋಸ್ಟ್ ಅಲ್ಲೇ ಕಾಲಿಂಗ್‌ವುಡ್ಡನ್ನು 5 ಅಂಕದಿಂದ ಬಡಿದಿದೆ. ಆದರೆ ಮೊದಲ ಸ್ಥಾನ ಗಳಿಸಿದವನಿಗೆ ಸಿಕ್ಕ ಬಹುಮಾನವೇನು? ವಿಮಾನದ ಟಿಕೆಟ್ಟಾ?

ಕೋವಿಡ್ ಬಂದಾಗ 2020ರ ಫೈನಲ್ ಬ್ರಿಸ್ಬೇನ್‌ನಲ್ಲಿ, 2021ರದ್ದು ಪರ್ತ್‌ನಲ್ಲಿ ನಡೀತು. ತಮಾಷೆ ನೋಡಿ, ಪರ್ತ್‌ನಲ್ಲಿ ಆಡಿದ ಎರಡೂ ತಂಡ ಮೆಲ್ಬರ್ನಿನವು! ಆಕಾಶವೇನೂ ಕಳಚಿ ಬೀಳಲಿಲ್ಲ.

ಮೆಲ್ಬರ್ನಿನಲ್ಲಿ ಲಕ್ಷ ಜನ ಕೂರ್ತಾರೆ, ಪರ್ತ್‌ನಲ್ಲಿ 60 ಸಾವಿರ. ಲೆಕ್ಕ ಇರೋದು ಇಲ್ಲಿ ಸ್ವಾಮಿ. ಅದನ್ನು ಲೆಕ್ಕ ಅಂತಲೇ ಹೇಳಿ, ಪರಂಪರೆ ಅಂತ ಯಾಕೆ ಕರೀತೀರಿ?