ಒಂದಕ್ಷರದ ವ್ಯತ್ಯಾಸ



ಸಸಾರಜನಕವೆಂದರೆ ಬೇಳೆ, ಹಾಲು, ಮೊಟ್ಟೆಗಳಲ್ಲಿರುವ ಪುಷ್ಟಿಕರವಾದ ವಸ್ತುವೆಂದು ತಿಳಿದು ನಮ್ಮಲ್ಲನೇಕರು ಅಷ್ಟಕ್ಕೇ ತೃಪ್ತರಾಗಿದ್ದೇವೆ. ಎಲೆಯ ಮುಂದೆ ಕುಳಿತವನಿಗೆ ಅಷ್ಟು ಸಾಕು. ಆದರೆ ತುತ್ತನ್ನೆತ್ತುವ ಮಾಂಸಖಂಡ, ಅದನ್ನು ಜೀರ್ಣಿಸುವ ಕಿಣ್ವ, ತಲೆಯ ಮೇಲಣ ಕೂದಲು, ಇವೂ ಸಸಾರಜನಕಗಳಿಂದಲೇ ಆದವು. 1838ರಲ್ಲಿ ಮುಲ್ಡರ್ ಎಂಬ ಡಚ್ ವಿದ್ವಾಂಸನು ಪ್ರಕಟಿಸಿದ 'ಪ್ರೋಟೀನ್' ಎಂಬ ಹೆಸರಿಗೆ ಗ್ರೀಕಿನಲ್ಲಿ ಅಗ್ರಸ್ಥಾನದ್ದೆಂಬ ಅರ್ಥವುಂಟು. ನಮ್ಮ ಮಾತಾದರೋ ಅದರಲ್ಲಿ ಸಾರಜನಕವಿದೆಯೆಂದಷ್ಟೇ ಹೇಳಿ ಸುಮ್ಮನಾಗುತ್ತದೆ.

ಇದರ ರಚನೆ ಬರವಣಿಗೆಯನ್ನು ಹೋಲುತ್ತದೆ. ಅಮೈನೋ ಆಮ್ಲಗಳೆಂಬ 20 ಬಗೆಯ ಅಕ್ಷರಗಳು ಒಂದರ ಪಕ್ಕದಲ್ಲೊಂದು ಕೂಡಿ ಸರಪಣಿಯಾಗುತ್ತವೆ. ಸರಪಣಿಯು ಮಡಿಚಿಕೊಂಡು ಒಂದು ನಿಯತವಾದ ಆಕಾರವನ್ನು ತಾಳುತ್ತದೆ. ಸಾಮಾನ್ಯವಾಗಿ ಆಕಾರ ಕೆಟ್ಟರೆ ಕೆಲಸವೂ ಕೆಟ್ಟಿತು. ಮೊಟ್ಟೆಯನ್ನು ಬೇಯಿಸಿದಾಗ ಬಿಳಿಯ ಲೋಳೆಯು ಗಟ್ಟಿಯಾಗುವುದು ಈ ಮಡಿಕೆಗಳು ಬಿಚ್ಚಿ, ಸರಪಣಿಗಳು ಒಂದಕ್ಕೊಂದು ತೊಡರಿಕೊಳ್ಳುವುದರಿಂದಲೇ.

ರಕ್ತದ ಕೆಂಪಿಗೆ ಕಾರಣವಾದ ಹಿಮೋಗ್ಲೋಬಿನ್ನನ್ನು ನೋಡೋಣ. ಅದರಲ್ಲಿ ನಾಲ್ಕು ಸರಪಣಿಗಳು, ಒಟ್ಟು 574 ಅಕ್ಷರಗಳು. ಒಂದೊಂದು ಸರಪಣಿಯೂ ಒಂದು ಕಬ್ಬಿಣದ ಪರಮಾಣುವನ್ನು ಮಡಿಲಲ್ಲಿಟ್ಟುಕೊಂಡು ಪ್ರಾಣವಾಯುವನ್ನು ಹೊರುತ್ತದೆ. ಇದರ ಆಕೃತಿಯನ್ನು ಕ್ಷ-ಕಿರಣಗಳಿಂದ ಕಾಣಲು ಮ್ಯಾಕ್ಸ್ ಪೆರುಟ್ಸ್ ಕೇಂಬ್ರಿಜ್ಜಿನಲ್ಲಿ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ದುಡಿದು 1960ರಲ್ಲಿ ಫಲವನ್ನು ಪ್ರಕಟಿಸಿದನು. ಪರೀಕ್ಷೆಗೆ ಮೂರು ತಿಂಗಳಿರುವಾಗಲೇ ಬೇಸರಪಡುವ ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ನಾನು ಆಗಾಗ ಹೇಳುವುದುಂಟು.

ಅದೇ ಕೇಂಬ್ರಿಜ್ಜಿನಲ್ಲಿ 1956-57ರಲ್ಲಿ ವರ್ನನ್ ಇನ್‌ಗ್ರಾಮ್ ಕುಡುಗೋಲು-ಕಣ ರೋಗದ ಮೂಲವನ್ನು ಕಂಡುಹಿಡಿದನು. ಬೀಟಾ ಎಂಬ ಸರಪಣಿಯ 146 ಅಕ್ಷರಗಳಲ್ಲಿ ಆರನೆಯದು ಗ್ಲುಟಾಮಿಕ್ ಆಮ್ಲವಾಗಿರಬೇಕಾದಲ್ಲಿ ವ್ಯಾಲೀನ್ ಆಗಿದೆ, ಅಷ್ಟೆ. 'ಹಾಲು' ಎಂಬುದು 'ಹಾಳು' ಆದಂತೆ! ಗ್ಲುಟಾಮಿಕ್ ಆಮ್ಲವು ನೀರಿಗೆ ಒಲಿದದ್ದು. ವ್ಯಾಲೀನ್ ನೀರಿಗೆ ವಿಮುಖ. ಪ್ರಾಣವಾಯುವನ್ನು ಇಳಿಸಿದ ಅಣುಗಳು ಆ ಸ್ಥಳದಲ್ಲಿ ಒಂದಕ್ಕೊಂದು ಅಂಟಿ ನೀಳವಾದ ನಾರುಗಳಾಗುತ್ತವೆ. ದುಂಡಗಿದ್ದ ರಕ್ತಕಣ ಕುಡುಗೋಲಿನಂತೆ ಬಾಗಿ ಕಿರಿಯ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗಿನ ನೋವು ಅನುಭವಿಸಿದವರಿಗೇ ಗೊತ್ತು.

ಇಂಥ ಅಕ್ಷರದೋಷ ಏಕೆ ಅಳಿದುಹೋಗಲಿಲ್ಲ? ತಂದೆತಾಯಿಗಳಿಬ್ಬರಿಂದಲೂ ಬಂದರೆ ಅದು ರೋಗ. ಒಬ್ಬರಿಂದ ಮಾತ್ರ ಬಂದರೆ ಸಾಮಾನ್ಯವಾಗಿ ಬಾಧೆಯಿಲ್ಲ. ಮೇಲಾಗಿ ಘೋರವಾದ ಮಲೇರಿಯಾದಿಂದ ಮಗುವಿಗೆ ರಕ್ಷಣೆಯುಂಟು. ಆದಕಾರಣ ಅದು ಆಫ್ರಿಕದ ಜ್ವರಪೀಡಿತ ಪ್ರದೇಶಗಳಲ್ಲಿ ಉಳಿಯಿತು. ನಮಗೆ ನೆರೆಯ ನೀಲಗಿರಿಯ ಗಿರಿಜನರಲ್ಲಿಯೂ ಅದಿರುವುದು 1952ರಲ್ಲಿ ತಿಳಿದುಬಂದಿತು.