ಬಸುರಿಯ ಮಾತ್ರೆಯ ಲೆಕ್ಕ
(ಮುಂಬಯಿಯ ನಮ್ಮ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ವೈದ್ಯನಲ್ಲದವನು ಗರ್ಭಿಣಿಯರ ಪೋಷಣೆಯ ವಿಷಯವಾಗಿ ಮಾತನಾಡಲು ನಿಂತುದನ್ನು ಕಂಡು ಕೆಲವರಿಗೆ ನಗು ಬಂದೀತು. ನಾನು ಬ್ಯಾಂಕಿನ ಗುಮಾಸ್ತ. ತಿಳಿದಿರುವುದು ಜಮಾ ಖರ್ಚು ಮಾತ್ರ. ಆದರೆ ಇಲ್ಲಿ ತಪ್ಪುತ್ತಿರುವುದೂ ಲೆಕ್ಕವೇ ಎಂಬುದನ್ನು ನನ್ನ ಮನೆಯಲ್ಲೇ ಕಲಿತಿದ್ದೇನೆ.

ಮೊದಲು ಈ ಊರಿನದೇ ಒಂದು ಕಥೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಭಾರತಕ್ಕೆ ಬಂದರು. ಇಲ್ಲಿನ ಜವಳಿ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಹೆಂಗಸರು ಬಸುರಿನಲ್ಲಿ ರಕ್ತಹೀನರಾಗುತ್ತಿದ್ದುದೇಕೆಂದು ಶೋಧಿಸಿದರು. ಯೀಸ್ಟಿನ ಸಾರವಾದ ಮಾರ್ಮೈಟ್ ಎಂಬ ಅಗ್ಗದ ಪದಾರ್ಥವನ್ನು ತಿನ್ನಿಸಿದರೆ ಅವರು ಚೇತರಿಸಿಕೊಳ್ಳುವರೆಂದು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ದ್ರವ್ಯವೇ ಫೋಲೇಟು ಎಂದು ಮುಂದೆ ಗೊತ್ತಾಯಿತು. 1941ರಲ್ಲಿ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಇಂದು ಬಸುರಿಯರು ನುಂಗುವ ಮಾತ್ರೆಯ ಮೇಲೆ ಮುಂಬಯಿಯ ಗಿರಣಿ ಹೆಂಗಸರ ಋಣವಿದೆಯೆಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಸರಕಾರವು ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ಗರ್ಭಿಣಿಯರಿಗೆ 1970ರಿಂದಲೂ ಹಂಚುತ್ತ ಬಂದಿದೆ. 2018ರ ಯೋಜನೆಯಂತೆ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆತ್ತ ಮೇಲೆ ಮತ್ತೆ 180 ದಿನ. ಮಾತ್ರೆಯೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ. ಏರ್ಪಾಡು ಚೆನ್ನಾಗಿಯೇ ಇದೆ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ತೆರೆದು ನೋಡಿ: ನೂರು ತಾಯಂದಿರಲ್ಲಿ 180 ದಿನ ಮಾತ್ರೆ ನುಂಗಿದವರು 26, ನೂರು ಗರ್ಭಿಣಿಯರಲ್ಲಿ ರಕ್ತಹೀನರು 52.

ನನ್ನ ಮನೆಯಲ್ಲಿ ಆದುದನ್ನು ಹೇಳುತ್ತೇನೆ. ಏಳನೆಯ ತಿಂಗಳಲ್ಲಿ ಸೀಮಂತವಾಗಿ ಹೆಂಡತಿ ಗದಗಿನ ತವರಿಗೆ ಹೋದಳು. ವಾರ ಕಳೆದು ಕೊಬ್ಬರಿ ಹುಡುಕುತ್ತ ಒಂದು ಡಬ್ಬಿ ತೆಗೆದೆ. ಎರಡು ತಿಂಗಳ ಕೆಂಪು ಮಾತ್ರೆಗಳು ಒಂದೂ ಮುರಿಯದೆ ಕುಳಿತಿದ್ದವು! ಫೋನು ಮಾಡಿ ಕೇಳಿದರೆ, ಓಕರಿಕೆ ಬರುತ್ತದೆ, ಮಲ ಕಪ್ಪಾಗುತ್ತದೆ, ಮಗುವೂ ಕಪ್ಪಾಗುವುದೆಂದು ನೆರೆಯವರು ಹೇಳಿದರು ಎಂದಳು. ಮಾತ್ರೆ ಕೊಟ್ಟ ಗುರುತು ಕಾರ್ಡಿನಲ್ಲಿ ಬೀಳುವುದನ್ನು ತಿಂಗಳು ತಿಂಗಳೂ ನೋಡಿದ್ದೆ. ನುಂಗಿದೆಯಾ ಎಂದು ಒಂದು ದಿನವೂ ಕೇಳಿರಲಿಲ್ಲ. ಗದಗಿನಲ್ಲಿ ಪರೀಕ್ಷಿಸಿದಾಗ ಹಿಮೊಗ್ಲೋಬಿನ್ 8, ಇರಬೇಕಾದುದು 11. ಹೆರಿಗೆಯಲ್ಲಿ ರಕ್ತ ಹೆಚ್ಚು ಹೋದರೆ ತಡೆಯಲಾರಳೆಂದು ವೈದ್ಯೆ ಹೇಳಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಕೊನೆಗೆ ಕಬ್ಬಿಣವನ್ನು ರಕ್ತನಾಳದ ಮೂಲಕವೇ ಕೊಡಬೇಕಾಯಿತು. ದೇವರ ದಯೆ, ತಾಯಿ ಮಗು ಉಳಿದರು.

ಅಲ್ಲಿಯ ದಾದಿಯೊಬ್ಬರು ಹೇಳಿದ ಮಾತುಗಳನ್ನು ನಿಮಗೂ ಒಪ್ಪಿಸುತ್ತೇನೆ. ಓಕರಿಕೆಯಾದರೆ ರಾತ್ರಿ ಊಟದ ಮೇಲೆ ನುಂಗಬಹುದು. ಮಲ ಕಪ್ಪಾಗುವುದು ಕಬ್ಬಿಣದಿಂದ. ಮಗುವಿನ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನು ಇದರ ಜೊತೆಗೆ ನುಂಗಬಾರದು, ಬೇರೆ ಹೊತ್ತಿಗೆ ನುಂಗಬೇಕು. ನಿಂಬೆಯ ಹುಳಿ ಒಳ್ಳೆಯದು. ಚಹ ಕಾಫಿ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. (ಊಟವಾದೊಡನೆ ಚಹ ಬೇಡುವ ನಮ್ಮ ಕಡೆಯವರಿಗೆ ಇದು ಕಷ್ಟವೇ!)

ಮಾತ್ರೆ ಊಟಕ್ಕೆ ಬದಲಲ್ಲ, ನಿಜ. ಕರ್ನಾಟಕದಲ್ಲಿ 2017ರ ಅಕ್ಟೋಬರ್ 2ರಂದು ತೊಡಗಿದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರು ಅಂಗನವಾಡಿಗೆ ಬಂದು ಬಿಸಿಯೂಟ ಮಾಡಿ, ಮಾತ್ರೆಯನ್ನೂ ಅಲ್ಲಿಯೇ ನುಂಗುವ ಏರ್ಪಾಡು ಮಾಡಿದರು. ಕೊಟ್ಟದ್ದು ಹೊಟ್ಟೆಗೆ ಹೋಯಿತೇ ಎಂದು ಕಣ್ಣಾರೆ ಕಾಣಬಹುದು. ಪರಊರಿನಲ್ಲಿರುವ ನಮಗೆ ಆ ಅನುಕೂಲವಿಲ್ಲ. ಅರ್ಧ ಬಸುರು ಇಲ್ಲಿ, ಅರ್ಧ ತವರಿನಲ್ಲಿ. ನಡುವೆ ರೈಲು ಹತ್ತುವಾಗ ಮಾತ್ರೆಯೂ ಕಾರ್ಡೂ ಹಿಂದೆ ಉಳಿದುಬಿಡುತ್ತವೆ.

ಎರಡನೆಯ ಬಸುರಿನಲ್ಲಿ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ನುಂಗಿದ ಮಾತ್ರೆಗೊಂದು ಗೀಟು ಹಾಕತೊಡಗಿದೆವು. ತವರಿಗೆ ಹೊರಡುವ ದಿನ ಆ ಕ್ಯಾಲೆಂಡರನ್ನೇ ಮಡಿಚಿ ಕಾರ್ಡಿನ ಜೊತೆ ಚೀಲದಲ್ಲಿಟ್ಟೆ. ಉಳಿದ ಗೀಟುಗಳನ್ನು ಅತ್ತೆಯವರು ಹಾಕಿದರು. ಒಟ್ಟು 163.