ಮೂಳೆಯ ಮೇಲೆ ನೀರಿನ ಬರಹ



ಮಾನವ ದೇಹದ ಅಸ್ಥಿಗಳ ರಚನೆಯನ್ನೂ ಕಾರ್ಯವನ್ನೂ ಕುರಿತ ಈ ವಿಚಾರಸಂಕಿರಣಕ್ಕೆ ಆಶಯದ ನುಡಿಗಳನ್ನಾಡಲು ನಿಂತ ನನಗೆ, ಕೆರೆಯ ಮಗ್ಗುಲಲ್ಲಿ ಅಡಿಕೆ ತೋಟಗಳನ್ನು ಹರಡಿಕೊಂಡಿರುವ ಈ ಭೀಮಸಮುದ್ರವೇ ಮೊದಲ ಪಾಠವನ್ನು ಒದಗಿಸಿಕೊಟ್ಟಿದೆ. ದಬ್ಬೆಗೆಂದು ಸೀಳಿದ ಅಡಿಕೆ ಮರವನ್ನು ನೀವೆಲ್ಲರೂ ಕಂಡಿದ್ದೀರಿ. ಅದರ ಕಸುವೆಲ್ಲ ಹೊರಸುತ್ತಿನ ನಾರಿನಲ್ಲಿದ್ದು, ಒಳಗಿರುವುದು ಕೈಯಿಂದ ಕೆರೆದು ತೆಗೆಯಬಹುದಾದ ಮೆತ್ತನೆಯ ತಿರುಳು. ನಮ್ಮ ತೊಡೆಯ ಮೂಳೆಯೂ ಹಾಗೆಯೇ: ಹೊರಗೆ ಬಿಗಿಯಾದ ಕವಚ, ನಡುವೆ ಮಜ್ಜೆ ತುಂಬಿದ ನಾಳ. ಹಗುರವಾಗಿದ್ದೂ ಭಾರವನ್ನು ತಾಳುವ ಈ ಉಪಾಯವನ್ನು ಪ್ರಕೃತಿಯು ಮರದಲ್ಲಿಯೂ ಮನುಷ್ಯನಲ್ಲಿಯೂ ಅನುಸರಿಸಿದೆ.

ಶಲ್ಯತಂತ್ರದ ಆಚಾರ್ಯನಾದ ಸುಶ್ರುತನು ಹಲ್ಲುಗಳನ್ನೂ ಮೃದ್ವಸ್ಥಿಗಳನ್ನೂ ಒಳಗೊಂಡಂತೆ 300 ಅಸ್ಥಿಗಳನ್ನು ಎಣಿಸಿ, ಅವುಗಳನ್ನು ಕಪಾಲ, ರುಚಕ, ತರುಣ, ವಲಯ, ನಲಕಗಳೆಂದು ಐದು ಬಗೆಯಾಗಿ ವಿಂಗಡಿಸಿದನು. ಇಂದಿನ ಅಂಗರಚನಾಶಾಸ್ತ್ರವು ವಯಸ್ಕನಲ್ಲಿ ಎಣಿಸುವುದು 206. ಎಣಿಕೆಗಿಂತ ಮುಖ್ಯವಾದುದು ಅಸ್ಥಿಯ ದ್ರವ್ಯ. ಕೋಳಿಯ ಕಾಲಿನ ಮೂಳೆಯೊಂದನ್ನು ಕೆಲವು ದಿನ ವಿನಿಗರ್‌ನಲ್ಲಿ ನೆನೆಯಿಟ್ಟರೆ ಅದರ ಸುಣ್ಣಾಂಶ ಕರಗಿ, ಉಳಿದದ್ದು ಬೆರಳಿಗೆ ಬಳುಕುತ್ತದೆ. ಇನ್ನೊಂದನ್ನು ಚೆನ್ನಾಗಿ ಸುಟ್ಟರೆ ಕೊಲ್ಲಾಜನ್ ಎಂಬ ನಾರು ಉರಿದುಹೋಗಿ, ಉಳಿದದ್ದು ಹಿಡಿದೊಡನೆ ಪುಡಿಯಾಗುತ್ತದೆ. ಮಣಿಯುವ ನಾರೂ ಮಣಿಯದ ಖನಿಜವೂ ಹೆಣೆದುಕೊಂಡಿರುವುದರಿಂದಲೇ ಮೂಳೆಗೆ ಮೂಳೆಯ ಗುಣ ಬಂದಿದೆ.

ಮೂಳೆಯನ್ನು ಜಡವಾದ ತೊಲೆಯೆಂದು ಭಾವಿಸುವುದು ದೊಡ್ಡ ತಪ್ಪು. ಅದು ದೇಹವನ್ನು ಎತ್ತಿ ನಿಲ್ಲಿಸುವುದಲ್ಲದೆ ಮಿದುಳು, ಹೃದಯಗಳನ್ನು ಕಾಯುತ್ತದೆ, ಮಜ್ಜೆಯಲ್ಲಿ ರಕ್ತಕಣಗಳನ್ನು ಹುಟ್ಟಿಸುತ್ತದೆ, ದೇಹದ ಕ್ಯಾಲ್ಸಿಯಂನಲ್ಲಿ ನೂರಕ್ಕೆ 99 ಪಾಲನ್ನು ಕಣಜದಂತೆ ಕೂಡಿಟ್ಟು, ರಕ್ತಕ್ಕೆ ಬೇಕಾದಾಗ ಅಳೆದು ಕೊಡುತ್ತದೆ. ಕೆಲವು ಜೀವಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತಿರಲು, ಬೇರೆ ಕೆಲವು ಅದೇ ಎಡೆಯಲ್ಲಿ ಹೊಸತನ್ನು ಕಟ್ಟುತ್ತಿರುತ್ತವೆ. ಹೀಗೆ ವಯಸ್ಕನ ಅಸ್ಥಿಪಂಜರದ ಸುಮಾರು ಹತ್ತರಲ್ಲಿ ಒಂದು ಪಾಲು ವರ್ಷವರ್ಷವೂ ಹೊಸದಾಗುತ್ತದೆ. ನಿತ್ಯವೂ ಕಟ್ಟುವ ಮನೆಗೆ ನಿತ್ಯವೂ ಸಾಮಗ್ರಿ ಬೇಕು. ಆ ಸಾಮಗ್ರಿ ನಾವು ಉಣ್ಣುವ ಅನ್ನ, ಕುಡಿಯುವ ನೀರುಗಳಿಂದಲೇ ಬರತಕ್ಕದ್ದು.

ಈ ಮಾತು ಚಿತ್ರದುರ್ಗದ ಸೀಮೆಗೆ ನೇರವಾಗಿ ತಾಕುತ್ತದೆ. ಇಲ್ಲಿಯ ಪುರಾತನ ಶಿಲೆಗಳ ಸಂದಿನಲ್ಲಿ ಬಹುಕಾಲ ನಿಂತ ನೀರು ಫ್ಲೋರೈಡನ್ನು ಕರಗಿಸಿಕೊಂಡಿದ್ದು, ಮಳೆ ಕಡಮೆಯಾಗಿ ಕೊಳವೆಬಾವಿಗಳು ಆಳಕ್ಕಿಳಿದಂತೆಲ್ಲ ಅದು ಎಷ್ಟೋ ಹಳ್ಳಿಗಳ ಕೊಡಗಳನ್ನು ಸೇರಿದೆ. ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಲೇಸು, ಬೇರೆ ನೀರು ದೊರೆಯದಿದ್ದಲ್ಲಿ 1.5ರವರೆಗೆ ಸಹ್ಯ ಎಂಬುದು ನಮ್ಮ ದೇಶದ ಮಾನದಂಡ. ಅದನ್ನು ಬಹಳವಾಗಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಫ್ಲೋರೈಡ್ ಮೂಳೆಯ ಹರಳಿನೊಳಕ್ಕೇ ಸೇರಿಕೊಳ್ಳುತ್ತದೆ. ಮೂಳೆ ದಟ್ಟವಾದರೂ ಪೆಡಸಾಗುತ್ತದೆ, ಕೀಲುಗಳ ಕಟ್ಟುಗಳಲ್ಲಿ ಸುಣ್ಣ ಕೂಡುತ್ತದೆ. ಮಗುವಿನ ಹಲ್ಲಿನ ಕಂದುಗೆರೆ ಇದರ ಮೊದಲ ಅಕ್ಷರ. ಕೂಗಿದವರತ್ತ ಕತ್ತು ತಿರುಗಿಸಲಾರದೆ ಮೈಯನ್ನೇ ತಿರುಗಿಸುವ ಹಿರಿಯನ ಬೆನ್ನು ಇದರ ಕೊನೆಯ ಪುಟ. ಹೀಗೆ ಸೆಟೆದ ಬೆನ್ನನ್ನು ಮೊದಲಿನಂತೆ ಮಾಡುವ ಔಷಧ ನಮ್ಮಲ್ಲಿಲ್ಲ. ನೀರನ್ನು ಕುದಿಸಿದರೂ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ.

ಆದುದರಿಂದ, ವೈದ್ಯ ಮಿತ್ರರೇ, ಬೆನ್ನುನೋವೆಂದು ಬಂದವರಿಗೆ ಗುಳಿಗೆ ಬರೆಯುವ ಮುನ್ನ, ಗದ್ದವನ್ನು ಎದೆಗೆ ಮುಟ್ಟಿಸುವಂತೆಯೂ, ಬಾಗಿ ಕಾಲ್ಬೆರಳನ್ನು ತಾಕುವಂತೆಯೂ, ಕೈಗಳನ್ನು ತಲೆಯ ಹಿಂದಕ್ಕೆ ಒಯ್ಯುವಂತೆಯೂ ಹೇಳಿ ನೋಡಿರಿ; ಯಾವ ಬಾವಿಯ ನೀರೆಂದು ಕೇಳಿರಿ. ಅಧ್ಯಾಪಕರು ಮಕ್ಕಳ ಹಲ್ಲುಗಳತ್ತ ಒಮ್ಮೆ ದೃಷ್ಟಿ ಹಾಯಿಸಲಿ. ಮಹಾಜನರು ಮಳೆನೀರನ್ನು ಹಿಡಿದಿಡಲಿ, ಕೆರೆಯ ಹೂಳನ್ನು ತೆಗೆಯಿಸಲಿ, ರಾಗಿಯನ್ನೂ ಹಾಲುಮಜ್ಜಿಗೆಯನ್ನೂ ಮಕ್ಕಳ ತಟ್ಟೆಯಿಂದ ದೂರಮಾಡದಿರಲಿ. ಈ ಸಂಕಿರಣ ಮುಗಿದು ಊರಿಗೆ ಮರಳಿದ ಮೇಲೆ, ತಮ್ಮ ತಮ್ಮ ಕೊಳವೆಬಾವಿಯ ಒಂದು ಸೀಸೆ ನೀರನ್ನು ಪ್ರತಿಯೊಬ್ಬರೂ ಪರೀಕ್ಷೆಗೆ ಕಳುಹಿಸಬೇಕೆಂದು ಕೈಮುಗಿದು ಪ್ರಾರ್ಥಿಸುತ್ತೇನೆ.